ಮಕ್ಕಳ ಶಿಬಿರದಲ್ಲಿ ಸ್ವಲ್ಪ ಖಾಲಿ ಹೊತ್ತು ಇರಲಿ

ಮಾನ್ಯ ಸಂಪಾದಕರೇ,

ರಜೆ ಹತ್ತಿರ ಬಂತೆಂದರೆ ನಿಮ್ಮ ಪತ್ರಿಕೆಯಲ್ಲಿ ಮಕ್ಕಳ ಶಿಬಿರಗಳ ಪಟ್ಟಿ ಬರುತ್ತದೆ. ಈ ಸಲದ ಪಟ್ಟಿಯನ್ನು ನಾನು ಪೆನ್ನು ಹಿಡಿದುಕೊಂಡೇ ಓದಿದೆ. 'ಪ್ರಕೃತಿ ಶಿಬಿರ' ಅಂತ ಹೆಸರಿಟ್ಟುಕೊಂಡ ಕೆಲವು ಕಡೆ ಫೋನ್ ಮಾಡಿ ದಿನಚರಿಯನ್ನೂ ತರಿಸಿಕೊಂಡೆ. ಬೆಳಿಗ್ಗೆ ಆರಕ್ಕೆ ವ್ಯಾಯಾಮ, ಏಳಕ್ಕೆ ನಡಿಗೆ, ಎಂಟೂವರೆಗೆ ಹಗ್ಗದ ಸೇತುವೆ, ಹತ್ತಕ್ಕೆ ಚಿತ್ರ ಬಿಡಿಸುವ ಸ್ಪರ್ಧೆ, ಹನ್ನೊಂದೂವರೆಗೆ ರಸಪ್ರಶ್ನೆ. ಹೀಗೇ ರಾತ್ರಿ ಮಲಗುವ ತನಕ. ಎಲ್ಲವೂ ಒಳ್ಳೆಯ ಕಾರ್ಯಕ್ರಮಗಳೇ. ಆದರೆ ಆ ಮಗು ಒಂದು ಮರದ ಕೆಳಗೆ ಸುಮ್ನೆ ಕೂರುವುದು ಯಾವಾಗ? ಇದನ್ನು ಕೇಳಲೆಂದೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ನರ್ಸ್. ಆಸ್ಪತ್ರೆಯಿಂದ ನಿವೃತ್ತಳಾದ ಮೇಲೆ ಮಕ್ಕಳ ಹೊರಾಂಗಣ ಶಿಬಿರಗಳಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತೇನೆ. ಮಳೆಗಾಲ, ಚಳಿಗಾಲ, ಬೇಸಿಗೆ, ಮೂರೂ ಕಾಲದಲ್ಲಿ ಹೋಗುತ್ತೇನೆ. ಪಾಠ ಮಾಡುವುದು ನನ್ನ ಕೆಲಸವಲ್ಲ. ಹಾಗಾಗಿ ನನಗೆ ನೋಡಲು ಬೇಕಾದಷ್ಟು ಸಮಯ ಸಿಗುತ್ತದೆ. ಯಾವ ಮಗು ಯಾವಾಗ ಅಳುತ್ತದೆ, ಯಾವಾಗ ಹೆದರುತ್ತದೆ, ಯಾವಾಗ ಮನೆ ನೆನಪನ್ನೇ ಮರೆಯುತ್ತದೆ, ಇದೆಲ್ಲ ಕಣ್ಣಿಗೆ ಬೀಳುತ್ತದೆ. ಮುಳ್ಳು ತೆಗೆಸಿಕೊಳ್ಳಲು ಬಂದ ಮಕ್ಕಳು ಮಾತಾಡುವಷ್ಟು ಮನಸ್ಸು ಬಿಚ್ಚಿ ಬೇರೆಲ್ಲೂ ಮಾತಾಡುವುದಿಲ್ಲ.

ನಾನು ಹೋಗುವ ಒಂದು ಶಿಬಿರದಲ್ಲಿ ಬೆಳಿಗ್ಗೆ ಎರಡು ಗಂಟೆ ಹೊತ್ತು ಯಾವ ಕಾರ್ಯಕ್ರಮವೂ ಇಲ್ಲ. ಮರಗಳಿಗೆ ಬಣ್ಣದ ದಾರ ಕಟ್ಟಿ ಗಡಿ ಗುರುತು ಮಾಡಿರುತ್ತಾರೆ. ಅದರೊಳಗೆ ಮಕ್ಕಳು ಏನು ಬೇಕಾದರೂ ಮಾಡಬಹುದು. ದೊಡ್ಡವರು ಅಲ್ಲಲ್ಲಿ ಕೂತು ಕಣ್ಣಿಟ್ಟಿರುತ್ತಾರೆ, ಕರೆದರೆ ಮಾತ್ರ ಎದ್ದು ಹೋಗುತ್ತಾರೆ. ಮೊದಲ ದಿನ ನೋಡಬೇಕು ನೀವು. ಅರ್ಧ ಗಂಟೆ ತನಕ ಒಂದೇ ಪ್ರಶ್ನೆ: "ಈಗ ಏನು ಮಾಡ್ಬೇಕು?" ಅದಾದ ಮೇಲೆ "ಬೋರ್ ಆಗ್ತಿದೆ." ಹೆಚ್ಚಿನ ಶಿಬಿರಗಳಲ್ಲಿ ಈ ಮಾತು ಕಿವಿಗೆ ಬಿದ್ದ ಕೂಡಲೇ ಯಾರೋ ಸೀಟಿ ಊದಿ ಒಂದು ಆಟ ಶುರು ಮಾಡುತ್ತಾರೆ. ಇಲ್ಲಿ ಯಾರೂ ಊದುವುದಿಲ್ಲ. ಆ ಬೇಜಾರು ದಾಟಿದ ಮೇಲೆಯೇ ಮಕ್ಕಳು ಸುತ್ತ ನೋಡಲು ಶುರು ಮಾಡುವುದು.

ಒಬ್ಬ ಹುಡುಗಿ, ಏಳೆಂಟು ವರ್ಷ ಇರಬಹುದು, ಕಾಲಿಗೆ ಕೆಸರು ತಾಗುತ್ತದೆಂದು ಕಲ್ಲಿನ ಮೇಲೆಯೇ ಕೂತಿದ್ದಳು. ಪಕ್ಕದಲ್ಲಿ ಒಂದು ನಿಂಬೆ ಗಿಡ. ಬಹಳ ಹೊತ್ತಿನ ಮೇಲೆ ನನ್ನನ್ನು ಕರೆದಳು. "ಅಜ್ಜಿ, ಎಲೆ ಮೇಲೆ ಹಕ್ಕಿ ಗಲೀಜು ಮಾಡಿದೆ. ಆದ್ರೆ ಅದು ನಡೀತಾ ಇದೆ!" ಹೋಗಿ ನೋಡಿದೆ. ಕಂದು ಮೈ ಮೇಲೆ ಬಿಳಿ ಪಟ್ಟೆ, ಹಸಿ ಹಸಿ ಹೊಳಪು. ಚಿಟ್ಟೆಯ ಮರಿಹುಳ ಅದು. ನಿಂಬೆ ಜಾತಿಯ ಗಿಡಗಳ ಮೇಲೆ ಬೆಳೆಯುವ ಕೆಲವು ಚಿಟ್ಟೆಗಳ ಮರಿಹುಳಗಳು ಚಿಕ್ಕದಿದ್ದಾಗ ಹೀಗೇ ಹಕ್ಕಿಯ ಹಿಕ್ಕೆಯಂತೆ ಕಾಣುತ್ತವೆ. ಹಕ್ಕಿ ತನ್ನದೇ ಹಿಕ್ಕೆಯನ್ನು ತಿನ್ನಲು ಬರುವುದಿಲ್ಲ ನೋಡಿ. ಬೆಳೆದು ದೊಡ್ಡದಾದ ಮೇಲೆ ಬಣ್ಣ ಬದಲಾಗಿ ಎಲೆ ಹಸಿರಾಗುತ್ತದೆ. ಅದೇ ಗಿಡದ ಇನ್ನೊಂದು ಕೊಂಬೆಯಲ್ಲಿ ಅಂಥ ದೊಡ್ಡ ಹಸಿರು ಹುಳವೂ ಇತ್ತು. ಇದನ್ನು ಹುಡುಕಿದವಳೂ ಅವಳೇ. ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿದಳು. ಹುಳ ತಲೆ ಎತ್ತಿ, ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬೊಂದನ್ನು ಹೊರಗೆ ಚಾಚಿತು. ಗಬ್ಬು ವಾಸನೆ ಬಂತು. ಶತ್ರುವನ್ನು ಓಡಿಸಲು ಅದು ಮಾಡುವ ಉಪಾಯ. ಹುಡುಗಿ ಮೂಗು ಮುಚ್ಚಿಕೊಂಡು, ಕೇಕೆ ಹಾಕಿ, ಕಲ್ಲಿನಿಂದ ಕೆಳಗೆ ಹಾರಿ ಎಲ್ಲರನ್ನೂ ಕರೆಯಲು ಓಡಿದಳು. ಕೆಸರಿನ ಮೇಲೇ ಓಡಿದಳು.

ಇದನ್ನು ಯಾವ ವೇಳಾಪಟ್ಟಿಯಲ್ಲೂ ಬರೆಯಲು ಆಗುವುದಿಲ್ಲ. 'ಬೆಳಿಗ್ಗೆ 9.40, ಮರಿಹುಳ' ಅಂತ ಹಾಕಲು ಬರುತ್ತದೆಯೇ? ಆದರೆ ಆ ಹುಡುಗಿಗೆ ಸಮಯ ಕೊಟ್ಟಿದ್ದರಿಂದಲೇ ಅದು ಸಿಕ್ಕಿತು. ಅವಳು ಗಿಡದ ಪಕ್ಕ ಸುಮ್ಮನೆ ಕೂತಿದ್ದ ಹೊತ್ತನ್ನು 'ಮಗು ಭಾಗವಹಿಸುತ್ತಿಲ್ಲ' ಅಂತ ಯಾರೂ ಬರೆದುಕೊಳ್ಳಲಿಲ್ಲ. ಅದು ನನಗೆ ತುಂಬಾ ಮುಖ್ಯ.

ಇನ್ನೊಂದು ಶಿಬಿರದಲ್ಲಿ ಇದೇ ಥರದ ಹುಳ ಒಬ್ಬ ಹುಡುಗನಿಗೆ ಸಿಕ್ಕಿತು. ಅಲ್ಲಿ ಪೋಷಕರಿಗೆ ಗಂಟೆಗೊಂದು ಸಲ ಫೋಟೋ ಕಳಿಸಬೇಕಿತ್ತು. "ಇಲ್ಲಿ ನೋಡು, ನಗು, ಹುಳಾನ ಸ್ವಲ್ಪ ಮೇಲೆ ಹಿಡಿ" ಎಂದರು. ಒಂದಲ್ಲ, ಹಲವು ಫೋಟೋ. ಅದು ಮುಗಿಯುವಷ್ಟರಲ್ಲಿ ಸೀಟಿ ಊದಿದರು, ಮುಂದಿನ ಆಟ ಶುರುವಾಯಿತು. ಹುಡುಗ ಹುಳವನ್ನು ಯಾವುದೋ ಗಿಡದ ಮೇಲೆ ಬಿಟ್ಟು ಓಡಿದ. ಆ ಹುಳಕ್ಕೆ ಯಾವ ಎಲೆ ಬೇಕು ಅನ್ನೋದನ್ನು ಅವನಿಗೆ ಯಾರೂ ಹೇಳಲಿಲ್ಲ, ಅವನಿಗೆ ಕೇಳಲೂ ಬಿಡುವಿರಲಿಲ್ಲ. ಪೋಷಕರಲ್ಲಿ ನನ್ನ ವಿನಂತಿ ಇಷ್ಟೇ: ದಿನಕ್ಕೆ ಒಂದು ಸಂದೇಶ ಸಾಕು. 'ಎಲ್ಲರೂ ಚೆನ್ನಾಗಿದ್ದಾರೆ' ಅಂತ ರಾತ್ರಿ ಬಂದರೆ ಸಾಕು ಅಂತ ನೀವೇ ಮೊದಲೇ ಹೇಳಿಬಿಡಿ. ನೀವು ಕೇಳುವುದರಿಂದಲೇ ಅವರು ಫೋಟೋ ತೆಗೆಯುತ್ತಿರುವುದು.

ಈಗಿನ ಮಕ್ಕಳಿಗೆ ಇದರಲ್ಲೆಲ್ಲ ಆಸಕ್ತಿ ಇಲ್ಲ ಅಂತ ಹೇಳುವವರು ಜಾಸ್ತಿ. ನಾನು ಒಪ್ಪುವುದಿಲ್ಲ. ಕೇಂಬ್ರಿಡ್ಜ್‌ನ ಸಂಶೋಧಕರು ಬ್ರಿಟನ್ನಿನ ಶಾಲಾ ಮಕ್ಕಳಿಗೆ ಚಿತ್ರಗಳ ಕಾರ್ಡು ತೋರಿಸಿ ಹೆಸರು ಕೇಳಿದ್ದರು. ಕೆಲವು ಕಾರ್ಡಿನಲ್ಲಿ ಅಲ್ಲಿನ ಸಾಮಾನ್ಯ ಗಿಡ, ಪ್ರಾಣಿಗಳು, ಕೆಲವದರಲ್ಲಿ ಪೋಕೆಮಾನ್ ಆಟದ ಜೀವಿಗಳು. 2002ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ ನಾಲ್ಕು ವರ್ಷದ ಮಕ್ಕಳು ನಿಜವಾದ ಜೀವಿಗಳಲ್ಲಿ ಶೇ 32ರಷ್ಟನ್ನು ಗುರುತಿಸಿದರು, ಪೋಕೆಮಾನ್‌ಗಳಲ್ಲಿ ಬರೀ ಶೇ 7. ಎಂಟು ವರ್ಷಕ್ಕೆ ಬರುವಷ್ಟರಲ್ಲಿ ನಿಜವಾದವು ಶೇ 53, ಪೋಕೆಮಾನ್ ಶೇ 78. ಇದನ್ನು ಓದಿ ಅಯ್ಯೋ ಎನ್ನುವವರಿದ್ದಾರೆ. ನನಗೆ ಮಾತ್ರ ಇದರಲ್ಲಿ ಭರವಸೆ ಕಾಣುತ್ತದೆ. ಅಷ್ಟೊಂದು ಜೀವಿಗಳ ಹೆಸರು, ರೂಪ, ಗುಣ ಎಲ್ಲ ನೆನಪಿಟ್ಟುಕೊಳ್ಳುವ ತಲೆ ಆ ಮಕ್ಕಳಿಗೆ ಇದೆ ಅಂತಾಯ್ತಲ್ಲ. ಕಣ್ಣ ಮುಂದೆ ಏನಿಡುತ್ತೇವೋ ಅದನ್ನು ಕಲಿಯುತ್ತಾರೆ. ನಾಲ್ಕು ವರ್ಷದ ಮಗುವಿನ ಮುಂದೆ ಇರುವೆ ಇತ್ತು, ಎಂಟು ವರ್ಷದ ಹೊತ್ತಿಗೆ ನಾವೇ ಅದನ್ನು ದೂರ ಮಾಡಿದ್ದೇವೆ.

ಇನ್ನು ನನ್ನ ಪೆಟ್ಟಿಗೆಯ ವಿಷಯಕ್ಕೆ ಬರುತ್ತೇನೆ. ಪೋಷಕರು ಶಿಬಿರಕ್ಕೆ ಬಿಡಲು ಬಂದಾಗ ನನ್ನನ್ನು ಬೇರೆ ಕರೆದು ಕೇಳುವುದು ಒಂದೇ: "ಏನೂ ಆಗಲ್ಲ ಅಲ್ವಾ ಸಿಸ್ಟರ್?" ಆಗುತ್ತದೆ ಅಂತಲೇ ನಾನು ಹೇಳುವುದು. ಮೊಣಕಾಲು ತರಚುತ್ತದೆ. ಮುಳ್ಳು ಚುಚ್ಚುತ್ತದೆ. ತುರಿಕೆ ಗಿಡ ತಾಗುತ್ತದೆ. ತರಚಿದ ಗಾಯಕ್ಕೆ ಹರಿಯುವ ಶುದ್ಧ ನೀರು, ಸೋಪು, ಒಂದು ಪಟ್ಟಿ ಸಾಕು. ಧನುರ್ವಾಯು ಚುಚ್ಚುಮದ್ದು ಆಗಿದೆಯಾ ಅಂತ ಮೊದಲೇ ನೋಡಿಕೊಂಡಿರಬೇಕು. ಜೇನುನೊಣ ಕುಟುಕಿದರೆ ಅದರ ಕೊಂಡಿಯನ್ನು ಹೇಗೆ ತೆಗೆಯುತ್ತೀರಿ ಅನ್ನೋದಕ್ಕಿಂತ ಎಷ್ಟು ಬೇಗ ತೆಗೆಯುತ್ತೀರಿ ಅನ್ನೋದೇ ಮುಖ್ಯ. ಚರ್ಮದಲ್ಲಿ ಕೊಂಡಿ ಉಳಿದಷ್ಟು ಹೊತ್ತೂ ವಿಷ ಒಳಗೆ ಇಳಿಯುತ್ತಿರುತ್ತದೆ. ಆಮೇಲೆ ಮಗುವಿನ ಉಸಿರಾಟದ ಮೇಲೆ, ಮುಖ ಊದುತ್ತಿದೆಯಾ ಅನ್ನೋದರ ಮೇಲೆ ಕಣ್ಣಿಡಬೇಕು. ಅಲರ್ಜಿ ಇರುವ ಮಕ್ಕಳ ವಿಷಯವನ್ನು ಪೋಷಕರು ಮುಚ್ಚಿಡಬಾರದು. ಇದನ್ನು ಕೈಮುಗಿದು ಹೇಳುತ್ತೇನೆ. ಅರ್ಜಿಯಲ್ಲಿ 'ಯಾವುದೂ ಇಲ್ಲ' ಅಂತ ಬರೆದು, ಬಸ್ಸು ಹೊರಡುವಾಗ ಕಿವಿಯಲ್ಲಿ ಹೇಳುವುದು ಬೇಡ.

ಅಪಾಯದಲ್ಲಿ ಎರಡು ಬಗೆ ಅಂತ ನಾನು ತಿಳಿದುಕೊಂಡಿದ್ದೇನೆ. ಮಗುವಿನ ಕಣ್ಣಿಗೆ ಕಾಣುವುದು ಒಂದು, ಕಾಣದ್ದು ಇನ್ನೊಂದು. ಮರ ಎಷ್ಟು ಎತ್ತರ ಅಂತ ಹತ್ತುವ ಮಗುವಿಗೆ ಗೊತ್ತಾಗುತ್ತದೆ. ಅದು ಕೊಂಬೆಯನ್ನು ಕೈಯಲ್ಲಿ ಅಲ್ಲಾಡಿಸಿ ನೋಡುತ್ತದೆ, ಸಾಕು ಅನ್ನಿಸಿದಲ್ಲಿ ನಿಲ್ಲುತ್ತದೆ. ಆದರೆ ಮೇಲಿನ ಕೊಂಬೆ ಒಳಗೇ ಕೊಳೆತಿದೆ, ಎಲೆ ತುಂಬಿದ ಹೊಂಡ ಆಳವಿದೆ, ಮೇಲೆಲ್ಲೋ ಮಳೆ ಬಂದರೆ ಈ ಹಳ್ಳ ಒಮ್ಮೆಗೇ ಏರುತ್ತದೆ ಅನ್ನೋದು ಮಗುವಿಗೆ ಗೊತ್ತಾಗುವುದಿಲ್ಲ. ಆ ಎರಡನೆಯದನ್ನು ನೋಡಿಕೊಳ್ಳಲೆಂದೇ ದೊಡ್ಡವರು ಇರುವುದು. ಹಿಂದಿನ ದಿನವೇ ಜಾಗವನ್ನೆಲ್ಲ ಕಾಲ್ನಡಿಗೆಯಲ್ಲಿ ನೋಡಿ ಬರಬೇಕು. ಹತ್ತಿರದ ಆಸ್ಪತ್ರೆಗೆ ದಾರಿ ಯಾವುದು, ಗಾಡಿ ಎಲ್ಲಿ ನಿಂತಿದೆ, ಚಾಲಕ ಯಾರು ಅನ್ನೋದು ಗೊತ್ತಿರಬೇಕು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಕೂಡದು, ಅಲುಗಾಡಿಸದೆ ಆಸ್ಪತ್ರೆಗೆ ಸಾಗಿಸಬೇಕು ಅನ್ನೋದು ಅಲ್ಲಿರುವ ಪ್ರತಿ ದೊಡ್ಡವರಿಗೂ ಬಾಯಿಪಾಠ ಇರಬೇಕು. ಇಷ್ಟು ಮಾಡಿದ ಮೇಲೆ ಮೊದಲನೆಯದನ್ನು ಮಕ್ಕಳಿಗೇ ಬಿಡಿ.

ನಾರ್ವೆಯ ಸಂಶೋಧಕಿ ಎಲೆನ್ ಸ್ಯಾಂಡ್‌ಸೆಟರ್ ಮಕ್ಕಳು ತಾವಾಗಿಯೇ ಹುಡುಕಿಕೊಂಡು ಹೋಗುವ ಸಾಹಸದ ಆಟಗಳನ್ನು 2007ರಲ್ಲಿ ಆರು ಬಗೆಯಾಗಿ ವಿಂಗಡಿಸಿದರು. ಎತ್ತರ ಹತ್ತುವುದು, ಜೋರಾಗಿ ಓಡುವುದು ಜಾರುವುದು, ಚಾಕುವಿನಂಥ ಸಾಮಾನು ಹಿಡಿಯುವುದು, ನೀರು ಬೆಂಕಿಯ ಹತ್ತಿರ ಆಡುವುದು, ಕುಸ್ತಿ, ಕೊನೆಯದಾಗಿ ದೊಡ್ಡವರ ಕಣ್ಣು ತಪ್ಪಿಸಿ ಒಬ್ಬರೇ ಸುತ್ತುವುದು. ನಮ್ಮ ಶಿಬಿರಕ್ಕೆ ಬರುವ ಯಾವ ಮಗುವನ್ನು ಬೇಕಾದರೂ ನೋಡಿ, ಈ ಆರರಲ್ಲಿ ಒಂದರ ಹಿಂದೆ ಬಿದ್ದೇ ಇರುತ್ತದೆ. ತಡೆದರೆ ಆಸೆ ಹೋಗುವುದಿಲ್ಲ, ಕದ್ದು ಮಾಡುತ್ತದೆ. ಕದ್ದು ಮಾಡುವಾಗಲೇ ಪೆಟ್ಟು ಜೋರು.

ಮಳೆಗಾಲದ ಶಿಬಿರ ಅಂದರೆ ಬಹಳ ಪೋಷಕರು ಹಿಂದೇಟು ಹಾಕುತ್ತಾರೆ. "ಮಳೆಯಲ್ಲಿ ಶಿಬಿರಾನಾ? ಶೀತ ಆಗಲ್ವಾ?" ಶೀತ ಬರುವುದು ವೈರಸ್‌ನಿಂದ. ಮಳೆ ನೀರಿನಿಂದ ಅಲ್ಲ. ಒದ್ದೆ ಬಟ್ಟೆಯಲ್ಲೇ ನಡುಗುತ್ತಾ ಕೂರಿಸಬಾರದು, ಅದು ನಿಜ. ಒಣ ಬಟ್ಟೆ ಎರಡು ಜೊತೆ ಜಾಸ್ತಿ ಕಳಿಸಿ, ಉಳಿದದ್ದು ನಮಗೆ ಬಿಡಿ. ಮಳೆಗಾಲದಲ್ಲಿ ನೋಡಲು ಸಿಗುವಷ್ಟು ಬೇರೆ ಯಾವ ಕಾಲದಲ್ಲೂ ಸಿಗುವುದಿಲ್ಲ. ಎರೆಹುಳ ನೆಲದ ಮೇಲೆ ಬರುತ್ತದೆ. ಬಸವನಹುಳ ಗೋಡೆ ಹತ್ತುತ್ತದೆ. ಕಪ್ಪೆ ಕೂಗುತ್ತದೆ. ಒಣಗಿ ಸತ್ತೇ ಹೋಗಿದೆ ಅಂದುಕೊಂಡ ಪಾಚಿ ಹಸಿರಾಗಿ ಉಬ್ಬುತ್ತದೆ.

ಗುಡುಗು ಕೇಳಿಸಿದ ತಕ್ಷಣ ಎಲ್ಲರೂ ಕಟ್ಟಡದೊಳಗೆ. ಇದರಲ್ಲಿ ಯಾವ ರಿಯಾಯಿತಿಯೂ ಇಲ್ಲ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಯಾರನ್ನೂ ಹೊರಗೆ ಬಿಡುವುದಿಲ್ಲ. ಒಳಗೆ ಕೂತು ಮಕ್ಕಳು ಆಡುವ ಆಟವೊಂದಿದೆ. ಮಿಂಚು ಕಂಡ ಕೂಡಲೇ ಎಣಿಸುವುದು. ಬೆಳಕು ಆಗಲೇ ಕಣ್ಣಿಗೆ ಬಂದಿರುತ್ತದೆ. ಶಬ್ದ ಮಾತ್ರ ಒಂದು ಕಿಲೋಮೀಟರ್ ಬರಲು ಹೆಚ್ಚುಕಡಿಮೆ ಮೂರು ಸೆಕೆಂಡು ತೆಗೆದುಕೊಳ್ಳುತ್ತದೆ. ಒಂದು, ಎರಡು, ಮೂರು ಅಂತ ಇಡೀ ಕೋಣೆ ಒಂದೇ ದನಿಯಲ್ಲಿ ಎಣಿಸುತ್ತದೆ. ಒಂಬತ್ತಕ್ಕೆ ಗುಡುಗಿದರೆ "ಮೂರು ಕಿಲೋಮೀಟರ್!" ಅಂತ ಕೂಗು. ಮುಂದಿನದು ಹದಿನೈದಕ್ಕೆ ಬಂದರೆ "ಹೋಗ್ತಾ ಇದೆ, ಹೋಗ್ತಾ ಇದೆ." ಗುಡುಗಿಗೆ ಹೆದರಿ ನನ್ನ ಸೆರಗು ಹಿಡಿದುಕೊಂಡಿದ್ದ ಒಬ್ಬ ಚಿಕ್ಕವನು ಆ ದಿನ ಎಲ್ಲರಿಗಿಂತ ಜೋರಾಗಿ ಎಣಿಸಿದ. ಭಾಗಾಕಾರ ಬರದ ಮಕ್ಕಳೂ ಅಲ್ಲಿ ಮೂರರಿಂದ ಭಾಗಿಸುವುದನ್ನು ಕಲಿತರು.

ಸಂಪಾದಕರೇ, ನನ್ನ ಇನ್ನೊಂದು ಮಾತು ಜಾಗದ ಬಗ್ಗೆ. ಶಿಬಿರ ನಡೆಸುವವರು ಪ್ರತಿ ಸಲ ಹೊಸ ಜಾಗ ಹುಡುಕುತ್ತಾರೆ. ಒಂದು ಸಲ ಬೆಟ್ಟ, ಇನ್ನೊಂದು ಸಲ ಸಮುದ್ರ, ಮತ್ತೊಂದು ಸಲ ಜಲಪಾತ. ಇದರಿಂದ ಮಕ್ಕಳು ಪ್ರವಾಸಿಗರಾಗುತ್ತಾರೆ ಅಷ್ಟೆ. ಒಂದೇ ಸಲ ಹತ್ತು ದಿನ ಮಾಡುವ ಬದಲು, ಅದೇ ಜಾಗಕ್ಕೆ, ಅದೇ ಮಕ್ಕಳನ್ನು, ಕಾಲಕ್ಕೆ ಮೂರು ದಿನದಂತೆ ವರ್ಷದಲ್ಲಿ ಮೂರು ಸಲ ಕರೆದುಕೊಂಡು ಹೋಗಿ. ಸಾಮಾನ್ಯ ಜಾಗವಾದರೂ ಪರವಾಗಿಲ್ಲ. ನಾನು ಹೇಳಿದ ಆ ಶಿಬಿರದಲ್ಲಿ ಮೊದಲ ಸಲ ಬಂದಾಗ ಪ್ರತಿ ಮಗುವೂ ಒಂದು ಮರವನ್ನು ಆರಿಸಿಕೊಳ್ಳುತ್ತದೆ. ಮುಂದಿನ ಕಾಲದಲ್ಲಿ ಬಂದಾಗ ಬಸ್ಸಿನಿಂದ ಇಳಿದು ಬ್ಯಾಗು ಕೂಡ ಇಡದೆ ಮರದ ಹತ್ತಿರ ಓಡುತ್ತವೆ. ಒಬ್ಬ ಹುಡುಗ ತನ್ನ ಪುಸ್ತಕದಲ್ಲಿ ಬರೆದಿದ್ದ: "ಎಲೆ ಎಲ್ಲಾ ಉದುರಿದೆ. ಗೂಡು ಈಗ ಕಾಣುತ್ತಿದೆ. ಹೋದ ಸಲವೂ ಇತ್ತೇನೋ, ಕಂಡಿರಲಿಲ್ಲ. ಇರುವೆ ದಾರಿ ಬದಲಾಗಿದೆ." ಒಂದೇ ಸಲ ನೋಡಿದವರಿಗೆ 'ಬದಲಾಗಿದೆ' ಅಂತ ಬರೆಯಲು ಬರುವುದಿಲ್ಲ.

ಇಂಥ ಪುಸ್ತಕಗಳ ಬೆಲೆ ಸಣ್ಣದಲ್ಲ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಷಮ್ ಅನ್ನುವವರು 1736ರಲ್ಲಿ ಇದೇ ಕೆಲಸ ಶುರು ಮಾಡಿದರು. ಯಾವ ಮರ ಯಾವತ್ತು ಚಿಗುರಿತು, ಮೊದಲ ಹೂ ಯಾವತ್ತು, ಕಪ್ಪೆ ಯಾವತ್ತು ಕೂಗಿತು, ವಲಸೆ ಹಕ್ಕಿ ಯಾವತ್ತು ಬಂತು ಅಂತ ವರ್ಷ ವರ್ಷವೂ ಬರೆದಿಟ್ಟರು. ಅವರ ನಂತರ ಮನೆಯವರು ಮುಂದುವರಿಸಿದರು, 1958ರ ತನಕ. ಹವೆಯ ಬಿಸಿ ಹೆಚ್ಚು ಕಡಿಮೆಯಾದಾಗ ಮರಗಿಡಗಳು ಹೇಗೆ ನಡೆದುಕೊಳ್ಳುತ್ತವೆ ಅಂತ ತಿಳಿಯಲು ವಿಜ್ಞಾನಿಗಳು ಆಮೇಲೆ ಅದೇ ದಾಖಲೆಯನ್ನು ಬಳಸಿಕೊಂಡರು. ಅದಕ್ಕೆ ಬೇಕಾದದ್ದು ಒಂದು ಜಾಗ, ಒಂದು ಪುಸ್ತಕ, ಬಿಡದೆ ನೋಡುವ ಅಭ್ಯಾಸ. ಹತ್ತು ವರ್ಷದ ಮಗುವೂ ಇವತ್ತೇ ಶುರು ಮಾಡಬಹುದಾದ ಕೆಲಸ.

ಕಣ್ಣಿನ ವಿಷಯ ಹೇಳದೆ ಹೋದರೆ ನರ್ಸ್ ಆಗಿದ್ದಕ್ಕೆ ಅರ್ಥ ಇಲ್ಲ. ಶಿಬಿರಕ್ಕೆ ಬರುವ ಮಕ್ಕಳಲ್ಲಿ ಕನ್ನಡಕದವರು ತುಂಬಾ. ಚೀನಾದ ಗ್ವಾಂಗ್‌ಝೌ ನಗರದಲ್ಲಿ 12 ಪ್ರಾಥಮಿಕ ಶಾಲೆಗಳನ್ನು ತೆಗೆದುಕೊಂಡು, ಅರ್ಧದಷ್ಟು ಶಾಲೆಗಳಲ್ಲಿ ಒಂದನೇ ತರಗತಿ ಮಕ್ಕಳಿಗೆ ದಿನಾ 40 ನಿಮಿಷ ಹೆಚ್ಚಿಗೆ ಹೊರಗೆ ಬಿಟ್ಟರು. ಮೂರು ವರ್ಷದ ನಂತರ ಆ ಶಾಲೆಗಳಲ್ಲಿ ಹೊಸದಾಗಿ ಸಮೀಪದೃಷ್ಟಿ (ದೂರದ್ದು ಮಸುಕಾಗಿ ಕಾಣುವ ತೊಂದರೆ) ಬಂದವರು ಶೇ 30.4, ಉಳಿದ ಶಾಲೆಗಳಲ್ಲಿ ಶೇ 39.5. ಇದು 2015ರಲ್ಲಿ ಪ್ರಕಟವಾಯಿತು. ತರಗತಿಯೊಳಗಿನ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ (ಬೆಳಕಿನ ಅಳತೆ) ಇರುತ್ತದೆ. ಹೊರಗೆ ಹಗಲಿನಲ್ಲಿ ಸಾವಿರಗಟ್ಟಲೆ, ಬಿಸಿಲಿದ್ದರೆ ಹತ್ತಾರು ಸಾವಿರ. ಅಂಥ ಬೆಳಕಿನಲ್ಲಿ ಕಣ್ಣಿನ ಪರದೆಯಲ್ಲಿ ಡೋಪಮಿನ್ ಎಂಬ ರಾಸಾಯನಿಕ ಹೆಚ್ಚಾಗಿ, ಕಣ್ಣುಗುಡ್ಡೆ ಉದ್ದಕ್ಕೆ ಬೆಳೆದು ಸಮೀಪದೃಷ್ಟಿ ಬರುವುದು ನಿಧಾನವಾಗುತ್ತದೆ ಅನ್ನುವುದು ತಜ್ಞರ ವಿವರಣೆ. ಮೂರು ದಿನದ ಶಿಬಿರದಿಂದ ಇದು ಆಗುವುದಿಲ್ಲ. ದಿನಾ ಹೊರಗೆ ಹೋಗಬೇಕು. ಆದರೆ ಹೊರಗೆ ಹೋಗಿ ಏನು ನೋಡಬೇಕು ಅನ್ನೋದು ಗೊತ್ತಿಲ್ಲದ ಮಗು ಐದು ನಿಮಿಷಕ್ಕೆ ಒಳಗೆ ಬರುತ್ತದೆ. ನಿಂಬೆ ಗಿಡದ ಹುಳ ನೋಡಿದವಳು ಹಾಗೆ ಬರುವುದಿಲ್ಲ.

ಶಿಬಿರಕ್ಕೆ ಹಣ ಕಟ್ಟಲು ಆಗದವರ ಮಕ್ಕಳ ಗತಿ ಏನು ಅಂತ ಕೇಳಬಹುದು, ಕೇಳಲೇಬೇಕು. ಶಾಲೆಯ ಹಿಂದಿನ ಒಂದು ಮೂಲೆಯನ್ನು ಗುಡಿಸದೆ, ಹುಲ್ಲು ಕೊಯ್ಯದೆ ಬಿಡಿ. ಒಂದು ಮರ, ಒಂದಿಷ್ಟು ಪೊದೆ, ನಾಲ್ಕು ಕಲ್ಲು. ವಾರಕ್ಕೊಂದು ದಿನ ಒಬ್ಬ ಮೇಷ್ಟ್ರು ಅಲ್ಲಿ ಮಕ್ಕಳ ಜೊತೆ ಸುಮ್ನೆ ಕೂರಲಿ. ಕಲ್ಲು ಎತ್ತಿ ಕೆಳಗೆ ಏನಿದೆ ನೋಡಿ, ಮತ್ತೆ ಹಾಗೇ ಮೆಲ್ಲಗೆ ಇಡುವುದನ್ನು ಕಲಿಸಲಿ. ಕಾಸು ಖರ್ಚಿಲ್ಲದ ಶಿಬಿರ ಇದು, ವರ್ಷಪೂರ್ತಿ ನಡೆಯುತ್ತದೆ.

ನಿಮ್ಮಲ್ಲಿ ನನ್ನ ಕೋರಿಕೆ ಎರಡು. ಮುಂದಿನ ಸಲ ಶಿಬಿರಗಳ ಪಟ್ಟಿ ಹಾಕುವಾಗ ಪ್ರತಿಯೊಬ್ಬರಿಂದಲೂ ಮೂರು ಪ್ರಶ್ನೆಗೆ ಉತ್ತರ ಕೇಳಿ ಅದರ ಜೊತೆಗೇ ಅಚ್ಚು ಹಾಕಿ: ಎಷ್ಟು ಮಕ್ಕಳಿಗೆ ಒಬ್ಬ ದೊಡ್ಡವರು ಇರುತ್ತಾರೆ? ದಿನದಲ್ಲಿ ಕಾರ್ಯಕ್ರಮವಿಲ್ಲದ ಹೊತ್ತು ಎಷ್ಟು? ಮುಂದಿನ ಕಾಲದಲ್ಲಿ ಇದೇ ಜಾಗಕ್ಕೆ ಮತ್ತೆ ಕರೆದುಕೊಂಡು ಬರುತ್ತೀರಾ? ಪೋಷಕರು ತಾವೇ ಹೋಲಿಸಿ ನೋಡಿಕೊಳ್ಳುತ್ತಾರೆ.

ಎರಡನೆಯದು, ವಾರಕ್ಕೊಂದು ಸಲ ಮಕ್ಕಳಿಗಾಗಿ ನಾಲ್ಕು ಬೆರಳಗಲ ಜಾಗ ಕೊಡಿ. ಕವನ, ಪ್ರಬಂಧ ಬೇಡ. ಬಹುಮಾನ ಖಂಡಿತ ಬೇಡ. ಮಗುವಿನ ವಯಸ್ಸು, ದಿನಾಂಕ, ಕಣ್ಣಾರೆ ನೋಡಿದ್ದು. ಇಷ್ಟೇ. ತಪ್ಪು ಬರೆದಿದ್ದರೆ ತಿದ್ದಬೇಡಿ, ಕೆಳಗೆ ಗೊತ್ತಿರುವವರಿಂದ ಒಂದು ಸಾಲು ವಿವರಣೆ ಹಾಕಿಸಿ.

ಶಿಬಿರದ ಪ್ರಥಮ ಚಿಕಿತ್ಸಾ ಪೆಟ್ಟಿಗೆಯಲ್ಲಿ ಏನೇನಿರಬೇಕು, ಪೋಷಕರು ಏನನ್ನು ಮೊದಲೇ ಬರೆದುಕೊಡಬೇಕು ಅನ್ನುವುದರ ಬಗ್ಗೆ ಒಂದು ಪುಟ ಬೇಕೆಂದರೆ ಬರೆದು ಕಳಿಸುತ್ತೇನೆ. ಮಳೆಗಾಲದ ಶಿಬಿರಗಳು ಶುರುವಾಗುವ ಮೊದಲೇ ಅದು ಪ್ರಕಟವಾದರೆ ಉಪಯೋಗ.

ಇಂತಿ,
ನಿವೃತ್ತ ನರ್ಸ್, ನಿಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು